ಚಂದ್ರನ ಪುಟ

"ಕೊನೇ ಮಾತು ಬರೆದಾಯ್ತಾ ಮೇಡಂ?" ಎಂದು ಬೊರುತ್ ಕೇಳಿದಾಗ ಪತ್ರಿಕೆಯ ಸಂಪಾದಕಿ ತಿಲ್ಕಾ ಹಾಳೆಯನ್ನು ಅವನತ್ತ ಸರಿಸಿದಳು. "ಪ್ರಿಯ ಓದುಗರೇ, ಈ ಡಿಸೆಂಬರ್ ಸಂಚಿಕೆಯೊಂದಿಗೆ 'ಬ್ರಾಯ್ದಾ' ನಿಮ್ಮನ್ನು ಬೀಳ್ಕೊಳ್ಳುತ್ತಿದೆ" ಎಂದು ಶುರುವಾದ ಬರಹ ಮೂರನೆಯ ಸಾಲಿಗೇ ಉಸಿರು ಕಟ್ಟಿ ನಿಂತಿತ್ತು. ಮುಂದಿನದು ಅವಳಿಗೆ ಹೊಳೆದಿರಲಿಲ್ಲ. ಹೊಳೆಯುವುದು ಬೇಕೂ ಇರಲಿಲ್ಲ.

ಬೊರುತ್, ಸ್ಲೊವೇನಿಯದ ಆ ಪುಟ್ಟ ಪಟ್ಟಣದ ಸಾಂಸ್ಕೃತಿಕ ಮಂಡಳಿಯ ಕಾರ್ಯದರ್ಶಿ. ಪತ್ರಿಕೆ ನಡೆಯುತ್ತಿದ್ದದ್ದು ಮಂಡಳಿಯ ಹಣದಿಂದ. ಹುಡುಗ ಕೆಟ್ಟವನಲ್ಲ. ಮುಚ್ಚುವ ಮೊದಲು ಓದುಗರನ್ನೊಂದು ಮಾತು ಕೇಳೋಣ ಎಂದು ಬೇಸಿಗೆಯ ಸಂಚಿಕೆಯೊಳಗೆ ಒಂದು ಕಾರ್ಡು ಇಡಿಸಿದವನೂ ಅವನೇ. 'ಬ್ರಾಯ್ದಾ ನಿಮಗೆ ಬೇಕೇ? ಒಂದು ಸಾಲು ಬರೆದು ಕಳಿಸಿ.' ಬಂದ ಉತ್ತರಗಳಿಗೆ ಒಂದು ಕೈಯ ಬೆರಳುಗಳೇ ಹೆಚ್ಚಾದವು. ಅವುಗಳಲ್ಲೂ ಒಂದು, ಪದಬಂಧ ಇತ್ತೀಚೆಗೆ ತೀರಾ ಸುಲಭವಾಗಿದೆ ಎಂಬ ದೂರು.

ಈ ಗುಡ್ಡಗಳ ಜನ ಸಾರು ಚೆನ್ನಾಗಿದ್ದರೆ ತಲೆ ತಗ್ಗಿಸಿ ಉಣ್ಣುತ್ತಾರೆ, ಉಪ್ಪು ಹೆಚ್ಚಾದರೆ ಮಾತ್ರ ಬಾಯಿ ತೆರೆಯುತ್ತಾರೆ ಎಂದು ತಿಲ್ಕಾ ಅವನಿಗೆ ಎಷ್ಟೋ ಸಲ ಹೇಳಿದ್ದಳು. ಅವನು ನಕ್ಕು, ಚಂದಾದಾರರೇ ಇಷ್ಟು ಕಡಿಮೆ, ಅವರೂ ತರಿಸುವುದು ಮೊಟ್ಟೆಬುಟ್ಟಿಯ ತಳಕ್ಕೆ ಹಾಸಲಿಕ್ಕಿರಬೇಕು ಎಂದಿದ್ದ. ಆ ಮಾತು ಅವಳಿಗೆ ಮುಳ್ಳಿನಂತೆ ಚುಚ್ಚಿ ಅಲ್ಲೇ ಉಳಿದಿತ್ತು. ಈಚೆಗೆ ಅವಳಿಗೂ ಅನುಮಾನ ಹುಟ್ಟಿತ್ತು. ಇಡೀ ಆಯುಷ್ಯ ಸವೆಸಿದ್ದು ಮೊಟ್ಟೆಗಳಿಗಾಗಿಯೋ?

ಮನೆಬಾಗಿಲಿಗೆ ಹಬ್ಬಿಸುವ ದ್ರಾಕ್ಷಿ ಚಪ್ಪರಕ್ಕೆ ಇಲ್ಲಿ ಬ್ರಾಯ್ದಾ ಎನ್ನುತ್ತಾರೆ. ತಿಲ್ಕಾಳ ಅಜ್ಜಿ ಲಂಗದ ಹುಡುಗಿಯಾಗಿದ್ದಾಗ ಒಬ್ಬ ಪಾದ್ರಿಯೂ ಒಬ್ಬ ಶಾಲಾ ಮೇಷ್ಟ್ರೂ ಸೇರಿ ಆ ಹೆಸರಿನಲ್ಲಿ ಪತ್ರಿಕೆ ಶುರುಮಾಡಿದರು. ಜರ್ಮನರು ಬಂದು ಸ್ಲೊವೇನಿಯದ ಮಾತಿನಲ್ಲಿ ಅಚ್ಚಾದದ್ದನ್ನೆಲ್ಲ ಸುಡತೊಡಗಿದಾಗ ಜನ ಹಳೆಯ ಸಂಚಿಕೆಗಳನ್ನು ಜೇನುಪೆಟ್ಟಿಗೆಗಳ ತಳದಲ್ಲಿ ಬಚ್ಚಿಟ್ಟರು. ಜೇನುಪೆಟ್ಟಿಗೆಗೆ ಕೈಹಾಕುವ ಎದೆ ಯಾವ ಸಿಪಾಯಿಗಿದೆ? ಯುದ್ಧ ಮುಗಿಯಿತು, ಆಳುವವರು ಬದಲಾದರು, ದೇಶದ ಹೆಸರೂ ಬದಲಾಯಿತು. ಬದಲಾಗದೆ ಉಳಿದದ್ದು ಪತ್ರಿಕೆಯ ಕೊನೆಯ ಪುಟ. ಅದಕ್ಕೆ ಚಂದ್ರನ ಪುಟ ಎಂದೇ ಹೆಸರು. ಬಳ್ಳಿ ಕತ್ತರಿಸುವುದು, ವೈನನ್ನು ಪೀಪಾಯಿಂದ ಪೀಪಾಯಿಗೆ ಬಗ್ಗಿಸುವುದು, ಹಂದಿ ಕಡಿಯುವುದು, ಕೋಸನ್ನು ಉಪ್ಪಿನಲ್ಲಿ ಹುಳಿಗೆ ಹಾಕುವುದು, ಎಲ್ಲಕ್ಕೂ ಯಾವ ದಿನ ಒಳ್ಳೆಯದು ಎಂದು ಅಲ್ಲಿರುತ್ತಿತ್ತು.

ಬೊರುತ್ ಹಾಳೆ ಕೈಗೆತ್ತಿಕೊಂಡು ಓದುತ್ತಿದ್ದಾಗ ಕಚೇರಿಯ ಬಾಗಿಲು ತೆರೆಯಿತು. ಬಂದವನು ಮೇಲಿನ ಗುಡ್ಡದ ಮುದುಕ ವಿಂಕೊ. ಎರಡೂ ತೋಳಿನಲ್ಲಿ ಅವುಚಿಕೊಂಡಿದ್ದ ಮಣ್ಣಿನ ಭರಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹುಳಿ ವಾಸನೆ ಕೋಣೆಯನ್ನೆಲ್ಲ ತುಂಬಿತು. ಅವನು ನಮಸ್ಕಾರವನ್ನೂ ಹೇಳದೆ ಭರಣಿಯನ್ನು ಮೇಜಿನ ಮೇಲೆ ಕುಕ್ಕಿದ.

"ತಿನ್ನವ್ವಾ ತಿಲ್ಕಾ," ಎಂದ. "ಒಂದೆಸಳು ಕೋಸು ತಿಂದ್ ನೋಡು. ಹಲ್ಲಿಲ್ಲದ ನಾನೂ ಅಗೀಬಹುದು, ಹಂಗ್ ಕೊಳ್ತಿದೆ."

ತಿಲ್ಕಾ ಗೋಡೆಯ ಮೇಲಿದ್ದ ಅಕ್ಟೋಬರ್ ಸಂಚಿಕೆಯನ್ನು ಕಿತ್ತು ಕೊನೆಯ ಪುಟ ತೆರೆದಳು. ಹುಳಿಗೆ ಹಾಕುವುದು ಚಂದ್ರ ಕರಗುವಾಗ. ಬೆಳೆಯುವಾಗ ಹಾಕಿದರೆ ಉಪ್ಪುನೀರು ಉಕ್ಕುತ್ತದೆ, ಕೋಸು ಮೆತ್ತಗಾಗುತ್ತದೆ ಎಂಬುದು ಇಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಪುಟದಲ್ಲಿದ್ದ ಚಂದ್ರ ಹೋದ ವರ್ಷದ ಚಂದ್ರ. ಪತ್ರಿಕೆ ಮುಚ್ಚುತ್ತದೆಂಬ ಸುದ್ದಿ ಬಂದ ವಾರ, ಕಣ್ಣು ಮಂಜಾಗಿದ್ದಾಗ, ಹಳೆಯ ಪುಟವನ್ನೇ ಎತ್ತಿ ಅಚ್ಚಿಗೆ ಕಳಿಸಿಬಿಟ್ಟಿದ್ದಳು. ಪತ್ರಿಕೆ ಶುರುವಾದಂದಿನಿಂದ ಆಗದ ತಪ್ಪು ಅವಳ ಕೈಯಿಂದ ಆಗಿತ್ತು. ನೆಲ ಬಾಯಿಬಿಟ್ಟರೆ ಸಾಕು ಎನಿಸಿತು.

"ತಾತ, ಆಕಾಶದಲ್ಲಿ ಚಂದ್ರ ಕಾಣ್ತಿರಲಿಲ್ವಾ?" ಎಂದು ಬೊರುತ್ ಮೆಲ್ಲಗೆ ಕೇಳಿದ.

"ಕಾಣ್ತಿದ್ದ. ದಿನಾ ದಪ್ಪ ಆಗ್ತಿದ್ದ," ಎಂದ ವಿಂಕೊ. "ಆಕಾಶಾನೂ ನೋಡ್ದೆ, ಬ್ರಾಯ್ದಾನೂ ನೋಡ್ದೆ. ಬ್ರಾಯ್ದಾ ತಪ್ಪು ಹೇಳಲ್ಲ ಅಂತ ಕೋಸು ಹಾಕ್ದೆ."

 ಅಷ್ಟರಲ್ಲಿ ವಿಂಕೊನ ಗುಡ್ಡದವಳೇ ಆದ ಹೆರ್ಮಿನಾ ಬಂದಳು, ಅವಳ ಕಂಕುಳಲ್ಲೂ ಭರಣಿ. ಅವಳ ಹಿಂದೆ ಇಬ್ಬರು ಅಕ್ಕತಂಗಿಯರು, ಅವರ ಹಿಂದೆ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದ ಒಂದು ಸಂಸಾರ. ಅಂಗಳ ತುಂಬುತ್ತಾ ಹೋಯಿತು. ಯಾರೂ ಕೂಗಾಡಲಿಲ್ಲ. ಸರದಿಯಲ್ಲಿ ನಿಂತು, ತಮ್ಮ ತಮ್ಮ ಕೋಸಿನ ಗತಿಯನ್ನು ಒಬ್ಬೊಬ್ಬರಾಗಿ, ಸತ್ತವರ ವಿಷಯ ಹೇಳುವ ಗಾಂಭೀರ್ಯದಲ್ಲಿ ಒಪ್ಪಿಸಿದರು. ತಿಲ್ಕಾ ಎಲ್ಲರಲ್ಲೂ ಕ್ಷಮೆ ಕೇಳುತ್ತಾ ಹೋದಳು.

ಹೆರ್ಮಿನಾ ಚಂದಾದಾರಳಲ್ಲವಲ್ಲ ಎಂದು ಬೊರುತ್ ಕೇಳಿಯೇಬಿಟ್ಟ. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಗುಡ್ಡಕ್ಕೊಂದೇ ಪ್ರತಿ ಬರುವುದು ಬಚ್ಚಿಟ್ಟ ಪ್ರತಿಯನ್ನೇ ಕೈಯಿಂದ ಕೈಗೆ ದಾಟಿಸುತ್ತಿದ್ದ ಯುದ್ಧದ ಕಾಲದಿಂದ ಬಂದ ರೂಢಿ. ವಿಂಕೊ ಓದಿ ಅವಳಿಗೆ ಕೊಡುತ್ತಾನೆ, ಅವಳು ಚಂದ್ರನ ದಿನಗಳನ್ನು ಬರೆದುಕೊಂಡು ಪಕ್ಕದ ಮನೆಗೆ ದಾಟಿಸುತ್ತಾಳೆ. ಹಾಗೆ ಇಡೀ ಗುಡ್ಡ ಸುತ್ತಿ, ಸವೆದ ಪ್ರತಿ ಮತ್ತೆ ವಿಂಕೊನ ಜೇನುಪೆಟ್ಟಿಗೆಗೇ ಮರಳುತ್ತದೆ. ಇದನ್ನೂ ಬಿಡಿಸಿ ಹೇಳಬೇಕೇ ಎಂಬಂತೆ ಹೇಳಿ ಮುಗಿಸಿ, ಅವಳು ತಿಲ್ಕಾಳತ್ತ ತಿರುಗಿದಳು.

"ಆಗಿದ್ದು ಆಯ್ತು. ಚಳಿಗಾಲ ಕಳೀತಿದ್ದಂಗೆ ಬಳ್ಳಿ ಕತ್ತರಿಸೋದಿದೆ. ಅದನ್ನಾದ್ರೂ ಸರಿಯಾಗಿ ಹಾಕು."

"ಹೊಸ ವರ್ಷಕ್ಕೆ ಪತ್ರಿಕೆ ಇರಲ್ಲ ಹೆರ್ಮಿನಕ್ಕ. ನಿಲ್ಲಿಸ್ತಿದ್ದಾರೆ."

ಸರದಿಯಲ್ಲಿದ್ದವರೆಲ್ಲ ಬೊರುತ್‌ನತ್ತ ತಿರುಗಿದರು. ಬೇಸಿಗೆಯ ಕಾರ್ಡಿನಲ್ಲಿ ಕೇಳಿದ್ದೆವಲ್ಲ, ನೀವ್ಯಾರೂ ಬೇಕು ಎಂದು ಬರೆಯಲಿಲ್ಲವಲ್ಲ ಎಂದು ಬೊರುತ್ ತೊದಲಿದ.

"ಆ ಕಾರ್ಡಾ?" ವಿಂಕೊ ಕೇಳಿದ. "ಬಾವಿ ಬೇಕಾ ಅಂತ ಯಾರಾದ್ರೂ ಬಂದು ಕೇಳ್ತಾರೇನಪ್ಪ? ಯಾವನೋ ತಮಾಷೆಗೆ ಇಟ್ಟಿದಾನೆ ಅಂತ ಒಲೆಗೆ ಹಾಕ್ದೆ."

ಬೊರುತ್‌ನ ಕಿವಿ ಕೆಂಪಗಾಯಿತು. ಅವನು ಜೇಬಿನಿಂದ ಫೋನು ತೆಗೆದು ಮಂಡಳಿಯ ಅಧ್ಯಕ್ಷರಿಗೆ ಮಾಡಿದ, ಎಲ್ಲರಿಗೂ ಕೇಳಿಸಲೆಂದು ಮೇಜಿನ ಮೇಲಿಟ್ಟ. ಅವನು ವಿಷಯ ಎತ್ತುವ ಮೊದಲೇ ಆ ಕಡೆಯಿಂದ ಬಳಲಿದ ದನಿ ಬಂತು.

"ಕೋಸಿನ ವಿಷ್ಯ ತಾನೇ? ನಮ್ಮನೇದೂ ಉಕ್ಕಿ ನೆಲಮಾಳಿಗೆಯೆಲ್ಲ ನಾರ್ತಿದೆ. ನಮ್ಮತ್ತೆ ಬೆಳಿಗ್ಗೆಯಿಂದ ಬಾಯಿ ಮುಚ್ಚಿಲ್ಲ. ಪತ್ರಿಕೆ ಮುಚ್ಚೋಕೆ ಯಾರಪ್ಪ ಹೇಳಿದ್ದು? ಜನವರಿ ಚಂದ್ರನ್ನ ಎರಡು ಸಲ ನೋಡಿ ಹಾಕೋಕೆ ಹೇಳು ತಿಲ್ಕಾಗೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದು ಇಲ್ಲಿಯವರಿಗೆ ಬರುವುದಿಲ್ಲ. ಹೆರ್ಮಿನಾ ತನ್ನ ಕೊಳೆತ ಕೋಸಿನ ಭರಣಿಯನ್ನೆತ್ತಿಕೊಂಡು, ಪದಬಂಧವನ್ನೂ ಸ್ವಲ್ಪ ಕಷ್ಟ ಮಾಡು ಎಂದು ಹೇಳಿ ಹೊರಟಳು. ತಿಲ್ಕಾಳ ಕಣ್ಣು ತುಂಬಿ ಬಂತು. ಇಷ್ಟು ವರ್ಷಗಳಲ್ಲಿ ಇಷ್ಟು ಬೈಗುಳ ತಿಂದದ್ದೂ ಇಲ್ಲ, ಇಷ್ಟು ಸಂತೋಷಪಟ್ಟದ್ದೂ ಇಲ್ಲ. ಅವಳು ವಿಂಕೊನ ಭರಣಿಯಿಂದ ಒಂದೆಸಳು ತೆಗೆದು ಬಾಯಿಗಿಟ್ಟಳು. ನಿಜಕ್ಕೂ ಹಾಳಾಗಿತ್ತು. ಪೂರ್ತಿ ತಿಂದಳು.

ಭರಣಿಯ ಉಪ್ಪುನೀರು ಮೇಜಿನ ಮೇಲೆ ಹರಿದು ಹೊಸ ಪದಬಂಧದ ಕರಡಿನತ್ತ ಸಾಗುತ್ತಿತ್ತು. ಬೊರುತ್ ಆಚೀಚೆ ನೋಡಿದ. ಕೈಯಲ್ಲೇ ಉಳಿದಿದ್ದ ಬೀಳ್ಕೊಡುಗೆಯ ಹಾಳೆಯನ್ನು ನಾಲ್ಕಾಗಿ ಮಡಿಸಿ, ಭರಣಿಯನ್ನು ಸ್ವಲ್ಪ ಎತ್ತಿ, ಅದರ ತಳಕ್ಕೆ ಹಾಸಿದ. 'ಪ್ರಿಯ ಓದುಗರೇ' ಎಂಬುದೊಂದೇ ಅಂಚಿನಲ್ಲಿ ಸ್ವಲ್ಪ ಹೊತ್ತು ಕಾಣುತ್ತಿತ್ತು. ಆಮೇಲೆ ಶಾಯಿ ಹರಡಿತು.