ಗ್ಯಾರೇಜಿನಲ್ಲಿದ್ದ ಬಸ್ಸಿಗೆ ಐವತ್ತನಾಲ್ಕು ಟ್ರಿಪ್

ಬಸ್ ನಿಲ್ದಾಣದಲ್ಲಿ ನಿಂತವರಿಗೆ ಎಲ್ಲ ಕಡೆಯೂ ಒಂದೇ ಚಿಂತೆ. ಬಸ್ಸು ಹೋಗಿಬಿಟ್ಟಿತೋ, ಇನ್ನೂ ಬರಬೇಕೋ? ಪಕ್ಕದವರನ್ನು ಕೇಳಿದರೆ ಅವರೂ ಈಗಷ್ಟೇ ಬಂದವರು. ಅಂಗಡಿಯವನನ್ನು ಕೇಳಿದರೆ ‘ಬರುತ್ತೆ’ ಎನ್ನುತ್ತಾನೆ. ನಿನ್ನೆ ಬಾರದೇ ಹೋದ ಬಸ್ಸಿಗೂ ಅವನು ಹಾಗೆಯೇ ಹೇಳಿದ್ದ. ಐದು ಬಸ್ಸುಗಳ ಒಂದು ಸಹಕಾರ ಸಂಘದ ದಾರಿಯಲ್ಲೂ ಜನ ಹೀಗೆಯೇ ಕತ್ತು ಉದ್ದ ಮಾಡಿಕೊಂಡು ನಿಲ್ಲುತ್ತಿದ್ದರು.

ಆ ಸಂಘದ ಕಾರ್ಯದರ್ಶಿಯನ್ನು ಎಲ್ಲರೂ ಬ್ರೇಕಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಬಸ್ಸು ಓಡಿಸಿದವರು. ರಸ್ತೆಬದಿಯ ಕೋಳಿ ದಾಟುವ ಯೋಚನೆ ಮಾಡಿದರೂ ಸಾಕು, ಬ್ರೇಕ್ ಒತ್ತುತ್ತಿದ್ದರು. ಅವರ ಮೇಲೆ ಒಂದು ಕೇಸಿಲ್ಲ, ಒಂದು ದೂರಿಲ್ಲ. ಮಂಡಿ ಸವೆದ ಮೇಲೆ ಸ್ಟೇರಿಂಗ್ ಬಿಟ್ಟು ಸಂಘದ ಕುರ್ಚಿ ಹಿಡಿದರು. ಕುರ್ಚಿಗೆ ಬ್ರೇಕ್ ಇರುವುದಿಲ್ಲ ಎನ್ನುವುದು ಆಗ ಅವರಿಗೆ ಗೊತ್ತಿರಲಿಲ್ಲ.

ಹೋದ ವರ್ಷ ಸಂಘಕ್ಕೆ ಸರ್ಕಾರದ ನೆರವು ಸಿಕ್ಕಿತು. ಬಸ್ಸು ಎಲ್ಲಿದೆ ಎಂದು ಕ್ಷಣಕ್ಷಣಕ್ಕೂ ತಿಳಿಸುವ ಪೆಟ್ಟಿಗೆಯೊಂದನ್ನು ಪ್ರತಿ ಬಸ್ಸಿನಲ್ಲೂ ಕೂರಿಸಿದರು. ಮೊದಲ ಕಂತಿನಲ್ಲಿ ಪೇಟೆ ದಾರಿಯ ನಿಲ್ದಾಣಗಳಿಗೆ ದೀಪದ ಅಕ್ಷರದ ಫಲಕ ಬಂತು. ಯಾವ ಬಸ್ಸು ಎಷ್ಟು ನಿಮಿಷಕ್ಕೆ ಬರುತ್ತದೆ ಎಂದು ಅದರಲ್ಲೇ ಕಾಣುತ್ತಿತ್ತು. ಎರಡನೇ ಕಂತು ಬಂದರೆ ಆಸ್ಪತ್ರೆ ದಾರಿಯ ಏಳು ನಿಲ್ದಾಣಗಳಿಗೂ ಫಲಕ. ಬ್ರೇಕಣ್ಣನವರ ಜೀವವೆಲ್ಲ ಆ ಏಳರ ಮೇಲೆಯೇ. ಅವರ ಹೆಂಡತಿ ವಾರಕ್ಕೆರಡು ದಿನ ಸೊಂಟದ ಚಿಕಿತ್ಸೆಗೆ ಆ ಆಸ್ಪತ್ರೆಗೆ ಹೋಗುತ್ತಿದ್ದರು. ಕಾರಿಡಾರಿನ ನೆರಳಲ್ಲಿ ಕೂತರೆ ಬಸ್ಸು ತಪ್ಪುತ್ತದೆ ಎಂದು ಗೇಟಿನ ಹೊರಗೆ ಬಿಸಿಲಲ್ಲೇ ನಿಲ್ಲುತ್ತಿದ್ದರು. ನೆಟ್ಟಗೆ ನಿಲ್ಲಲಾಗದವರು ಗಂಟೆಗಟ್ಟಲೆ ನಿಂತು ಬರುವುದನ್ನು ನೋಡಿ ಇವರ ಕರುಳು ಚುರುಕ್ ಎನ್ನುತ್ತಿತ್ತು.

ನೆರವಿಗೆ ಒಂದು ಷರತ್ತಿತ್ತು. ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು: ಯಾವ ಬಸ್ಸು ಎಷ್ಟು ಟ್ರಿಪ್ ಓಡಿತು, ಪೆಟ್ಟಿಗೆ ಕೆಲಸ ಮಾಡಿತೇ, ಫಲಕ ಉರಿಯಿತೇ, ಏನಾದರೂ ತೊಂದರೆ ಬಂತೇ. ಬ್ರೇಕಣ್ಣ ಕಂಡಕ್ಟರುಗಳ ಟ್ರಿಪ್ ಹಾಳೆಗಳನ್ನು ಒಟ್ಟು ಮಾಡಿ ವರದಿ ಬರೆದರು. ಹಾಳೆಗಳ ಪ್ರಕಾರ ಎಲ್ಲ ಬಸ್ಸೂ ಎಲ್ಲ ದಿನವೂ ಓಡಿತ್ತು. ತೊಂದರೆಗಳ ಕಾಲಂನಲ್ಲಿ ‘ಇಲ್ಲ’ ಎಂದು ಬರೆದು, ಸಹಿ ಹಾಕಿ, ತಮ್ಮ ಬೆನ್ನು ತಾವೇ ತಟ್ಟಿಕೊಂಡು ಕಳಿಸಿದರು.

ಒಂದು ತಿಂಗಳಿಗೆ ಇಲಾಖೆಯಿಂದ ಕಾಗದ ಬಂತು. ಅವರು ಅಲ್ಲೇ ಕೂತು ಓದಿದರು: ನಿಮ್ಮ ವರದಿಯಂತೆ ಮೂರನೇ ನಂಬರಿನ ಬಸ್ಸು ಒಂಬತ್ತು ದಿನಗಳಲ್ಲಿ ಐವತ್ತನಾಲ್ಕು ಟ್ರಿಪ್ ಓಡಿದೆ. ಪೆಟ್ಟಿಗೆಯ ಮಾಹಿತಿಯಂತೆ ಆ ಒಂಬತ್ತು ದಿನವೂ ಅದು ನಿಂತ ಜಾಗದಿಂದ ಅಲ್ಲಾಡಿಲ್ಲ. ಹದಿನೈದು ದಿನದೊಳಗೆ ವಿವರಣೆ ಕೊಡಿ. ಅಲ್ಲಿಯವರೆಗೆ ಎರಡನೇ ಕಂತನ್ನು ತಡೆಹಿಡಿಯಲಾಗಿದೆ.

ಆ ಒಂಬತ್ತು ದಿನ ಬಸ್ಸು ಗೇರ್‌ಬಾಕ್ಸ್ ಬಿಚ್ಚಿಸಿಕೊಂಡು ಗ್ಯಾರೇಜಿನಲ್ಲಿ ಮಲಗಿತ್ತು. ಬ್ರೇಕಣ್ಣನವರೇ ಎರಡು ಸಲ ಹೋಗಿ ನೋಡಿ ಬಂದಿದ್ದರು, ಆದರೆ ವರದಿ ಬರೆಯುವಾಗ ಅದು ನೆನಪಿಗೇ ಬರದೆ ಹಾಳೆಯ ಅಂಕಿಗಳನ್ನಷ್ಟೇ ಕೂಡಿದ್ದರು. ಹಾಗಾದರೆ ಟ್ರಿಪ್ ಓಡಿದ್ದು ಯಾವುದು? ಮೂರನೇ ನಂಬರಿನ ಕಂಡಕ್ಟರನ್ನು ಕರೆಸಿದರು.

ಈ ಕಂಡಕ್ಟರನದು ಮುತ್ತು ಪೋಣಿಸಿದಂಥ ಅಕ್ಷರ. ಓಡುವ ಬಸ್ಸಿನಲ್ಲಿ ಬರೆದರೆ ಅಕ್ಷರ ಕುಣಿಯುತ್ತದೆ, ಅದನ್ನು ನೋಡಿದರೆ ಅವನಿಗೆ ಊಟ ಸೇರುವುದಿಲ್ಲ. ಹಾಗಾಗಿ ಸೋಮವಾರ ಬೆಳಗ್ಗೆ ಶೆಡ್ಡಿನಲ್ಲಿ ಕೂತು ಬರುವ ಇಡೀ ವಾರದ ಟ್ರಿಪ್ ಹಾಳೆಗಳನ್ನು ಮೊದಲೇ ಒಟ್ಟಿಗೇ ಬರೆದಿಡುತ್ತಿದ್ದ. ಅವನನ್ನು ನೋಡಿ ಉಳಿದ ನಾಲ್ವರೂ ಕಲಿತರು. ಬಸ್ಸು ಕೆಟ್ಟದ್ದು ಮಂಗಳವಾರ, ಹಾಳೆ ತುಂಬಿದ್ದು ಸೋಮವಾರ. ಮುಂದಿನ ಸೋಮವಾರ ಬಸ್ಸು ಇಂದೋ ನಾಳೆಯೋ ಬರುತ್ತದೆ ಎಂದುಕೊಂಡು ಮತ್ತೆ ಬರೆದಿಟ್ಟ. ಬರೆದ ಚಂದದ ಹಾಳೆಯನ್ನು ಹರಿಯಲು ಮನಸ್ಸು ಬರಲಿಲ್ಲವಂತೆ.

“ಇಷ್ಟಕ್ಕೆಲ್ಲ ಯಾಕಣ್ಣ ತಲೆ ಕೆಡಿಸ್ಕೋತೀರಾ? ಪೆಟ್ಟಿಗೆ ಕೆಟ್ಟಿತ್ತು ಅಂತ ಬರೆದುಬಿಡಿ. ಅದೇನು ಎದ್ದು ಬಂದು ಸಾಕ್ಷಿ ಹೇಳುತ್ತಾ?” ಎಂದ ಕಂಡಕ್ಟರ್.

ಬ್ರೇಕಣ್ಣನಿಗೂ ಅದು ಹಿಡಿಸಿತು ಎಂದರೆ ಸುಳ್ಳಲ್ಲ. ಕೆಟ್ಟ ಸುದ್ದಿ ಬರೆದರೆ ಯಾವ ಸರ್ಕಾರ ನೆರವು ಕೊಡುತ್ತದೆ? ಕೆಲಸ ಚೆನ್ನಾಗಿದೆ ಎಂದವನಿಗೇ ತಾನೇ ಮುಂದಿನ ಕಂತು? ಮಧ್ಯಾಹ್ನ ಊಟಕ್ಕೆ ಕೂತಾಗಲೂ ಅನ್ನ ಬಿಟ್ಟು ಆ ಕಾಗದವನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಸೊಸೆ ಅದನ್ನು ಗಮನಿಸಿದಳು. ಅವಳು ಒಂದು ಶಿಶುವಿಹಾರ ನಡೆಸುತ್ತಿದ್ದಳು. ಅಲ್ಲಿನ ಅಡುಗೆಕೋಣೆಗೂ ಸರ್ಕಾರದ ನೆರವು ಬಂದಿತ್ತು, ಐದು ವರ್ಷದಿಂದ ವರದಿ ಬರೆದು ಬರೆದು ಅವಳ ಬೆರಳು ಪಳಗಿತ್ತು. ಕಾಗದ ಓದಿ, ಕಂಡಕ್ಟರನ ಉಪಾಯವನ್ನೂ ಕೇಳಿಸಿಕೊಂಡಳು.

“ಮಾವ, ಪೆಟ್ಟಿಗೆ ಕೆಟ್ಟಿದೆ ಅಂದ್ರೆ ಅವರು ನೋಡೋಕೆ ಎಂಜಿನಿಯರ್ ಕಳಿಸ್ತಾರೆ. ಅದು ಸರಿಯಾಗೇ ಇದೆ. ಆಗ ಏನು ಹೇಳ್ತೀರಿ? ಈಗಿರೋದು ಒಂದು ತಪ್ಪು, ಅದನ್ನ ಎರಡು ಮಾಡ್ಕೋಬೇಡಿ” ಎಂದಳು.

“ತಪ್ಪು ಒಪ್ಕೊಂಡ್ರೆ ಕಂತು ಹೋಗುತ್ತಲ್ಲಮ್ಮ.”

“ಹಾಗಂತ ಒಪ್ಪಂದದಲ್ಲಿ ಬರೆದಿದೆಯಾ?”

ಒಪ್ಪಂದವನ್ನು ಬ್ರೇಕಣ್ಣ ಓದಿಯೇ ಇರಲಿಲ್ಲ. ಕಳೆದುಹೋದೀತೆಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಬೀರುವಿನಲ್ಲಿ ಇಸ್ತ್ರಿ ಬಟ್ಟೆಯ ಅಡಿಯಲ್ಲಿ ಇಟ್ಟಿದ್ದರು. ಸೊಸೆ ಅದನ್ನು ತೆಗೆದು ಊಟದ ಮೇಜಿನ ಮೇಲೆ ಹರವಿದಳು. ಮಾವ ಕನ್ನಡಕ ಏರಿಸಿಕೊಂಡು ಬೆರಳಿಟ್ಟು ಓದಿದರು. ನಾಲ್ಕನೇ ಪುಟದಲ್ಲಿ ಸ್ಪಷ್ಟವಾಗಿಯೇ ಇತ್ತು: ಬಸ್ಸು ನಿಂತರೆ ಏಳು ದಿನದೊಳಗೆ ತಿಳಿಸಬೇಕು. ತಪ್ಪು ವರದಿ ಹೋಗಿದ್ದರೆ ಕಾರಣ ಮತ್ತು ದಾಖಲೆ ಸಹಿತ ತಿದ್ದುಪಡಿ ವರದಿ ಕೊಡಬಹುದು. ಗೊತ್ತಿದ್ದೂ ಸುಳ್ಳು ಮಾಹಿತಿ ಕೊಟ್ಟರೆ ಮಾತ್ರ ನೆರವು ರದ್ದು.

“ಇಷ್ಟು ದಿನ ಇದು ನನ್ನ ಷರ್ಟಿನ ಕೆಳಗೇ ಇತ್ತಲ್ಲಮ್ಮ” ಎಂದರು ಬ್ರೇಕಣ್ಣ.

ಮರುದಿನ ಶೆಡ್ಡಿನಲ್ಲಿ ಐವರು ಕಂಡಕ್ಟರುಗಳನ್ನೂ ಕೂರಿಸಿದರು. ಯಾರಿಗೂ ದಂಡವಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದರೆ ಸಾಕು ಎಂದ ಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ರಸ್ತೆ ಅಗೆದಿದ್ದಾಗ ಒಂದನೇ ನಂಬರು ನಾಲ್ಕು ದಿನ ಕೊನೆಯ ನಿಲ್ದಾಣಕ್ಕೆ ಹೋಗಿಯೇ ಇರಲಿಲ್ಲ. ಪೇಟೆಯ ಫಲಕವೊಂದು ದಿನಾ ಮಧ್ಯಾಹ್ನ ಆರಿಹೋಗುತ್ತಿತ್ತು, ಏಕೆಂದರೆ ಪಕ್ಕದ ಟೈಲರ್ ಅದರ ಪ್ಲಗ್ ಕಿತ್ತು ತನ್ನ ಇಸ್ತ್ರಿ ಪೆಟ್ಟಿಗೆ ಚುಚ್ಚಿಕೊಳ್ಳುತ್ತಿದ್ದ. ಬ್ರೇಕಣ್ಣ ಒಂದೊಂದನ್ನೂ ಬರೆದುಕೊಂಡರು. ಗ್ಯಾರೇಜಿನ ಬಿಲ್ಲು, ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ, ರಸ್ತೆ ಮುಚ್ಚಿದ ದಿನಗಳ ನೋಟಿಸು, ಎಲ್ಲ ಜೋಡಿಸಿದರು. ತೊಂದರೆಗಳ ಕಾಲಂ ಸಾಲದೆ ಹಿಂದಿನ ಪುಟಕ್ಕೂ ಹೋಯಿತು.

ಅದನ್ನು ಅಂಚೆಗೆ ಹಾಕದೆ ತಾವೇ ಇಲಾಖೆಗೆ ಒಯ್ದರು. ಉದ್ದನೆಯ ಕಾರಿಡಾರ್, ಗೋಡೆಗಂಟಿದ ಬೆಂಚು, ಕಡತ ಹೊತ್ತು ಓಡಾಡುವ ಗುಮಾಸ್ತರು. ಸರದಿ ಬರುವ ಹೊತ್ತಿಗೆ ಬ್ರೇಕಣ್ಣ ಜೋಡಿಸಿದ ಕಾಗದಗಳನ್ನು ಮೂರು ಸಲ ಎಣಿಸಿದ್ದರು. ಮೇಜಿನ ಆಚೆಗಿದ್ದ ಅಧಿಕಾರಿಣಿ ವರದಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದರು. ಟೈಲರನ ಪ್ಲಗ್ಗಿಗೆ ಬಂದಾಗ ನಕ್ಕುಬಿಟ್ಟರು.

“ಈ ಪೆಟ್ಟಿಗೆಗಳು ಹೊಸವು. ಎಲ್ಲಿ ಕೈಕೊಡುತ್ವೆ ಅಂತ ತಿಳ್ಕೊಳ್ಳೋಕೇ ನಾವು ವರದಿ ಕೇಳೋದು” ಎಂದರು. “ಬಸ್ಸು ಕೆಡೋದು ತಪ್ಪಲ್ಲ ಯಜಮಾನ್ರೇ. ಕೆಟ್ಟ ಬಸ್ಸು ಓಡಿತು ಅಂತ ಬರೆಯೋದು ತಪ್ಪು.”

ಹಾಗೆಂದು ಅವರು ಸುಮ್ಮನೆ ಬಿಡಲಿಲ್ಲ. ಎಚ್ಚರಿಕೆಯ ಪತ್ರ ಕಡತಕ್ಕೆ ಸೇರಿತು. ಮುಂದಿನ ಆರು ತಿಂಗಳು ತಿಂಗಳಿಗೊಂದು ವರದಿ ಕೊಡಬೇಕು, ಒಬ್ಬರು ಬಂದು ಪರಿಶೀಲಿಸುತ್ತಾರೆ, ಅವರು ಸರಿ ಎಂದ ಮೇಲೆ ಎರಡನೇ ಕಂತು. ಬ್ರೇಕಣ್ಣ ಮೆಟ್ಟಿಲಿಳಿದು ಬಂದವರು ಕೆಳಗಿನ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ಹೋದ ಜೀವ ಬಂದಂತಾಗಿತ್ತು. ಅತ್ತುಬಿಡಬೇಕು ಅನ್ನಿಸಿತು, ಆದರೆ ಗುಮಾಸ್ತರು ಓಡಾಡುತ್ತಿದ್ದರಲ್ಲ, ಮಂಡಿ ಉಜ್ಜಿಕೊಂಡು ಎದ್ದರು.

ಈಗ ಟ್ರಿಪ್ ಹಾಳೆ ಬರೆಯುವುದು ಕೊನೆಯ ನಿಲ್ದಾಣದಲ್ಲಿ, ಬಸ್ಸು ಹತ್ತು ನಿಮಿಷ ನಿಲ್ಲುತ್ತದಲ್ಲ, ಆಗ. ಹೋದ ಟ್ರಿಪ್ಪನ್ನಷ್ಟೇ ಬರೆಯಬೇಕು. ಮೂರನೇ ನಂಬರಿನ ಕಂಡಕ್ಟರ್ ಒಂದು ವಾರ ಮೂಗು ಮುರಿದ. ನಿಂತ ಬಸ್ಸಿನಲ್ಲೂ ಅಕ್ಷರ ದುಂಡಗೆ ಬರುತ್ತದೆ ಎಂದು ಗೊತ್ತಾದ ಮೇಲೆ ಸುಮ್ಮನಾದ. ಪರಿಶೀಲನೆಗೆ ಬಂದವರು ಹಾಳೆಯನ್ನೂ ಪೆಟ್ಟಿಗೆಯ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಿ ತಲೆದೂಗಿದರು. ಅದಾಗಿ ಎರಡು ತಿಂಗಳಿಗೆ ಕಂತು ಬಂತು, ಆಸ್ಪತ್ರೆ ದಾರಿಗೆ ಏಳು ಫಲಕವೂ ಬಂತು. ಗೇಟಿನ ಫಲಕವನ್ನು ಕಾರಿಡಾರಿನಿಂದಲೇ ಕಾಣುವಂತೆ ಕೂರಿಸಿದರು. ಅಂದು ಚಿಕಿತ್ಸೆ ಮುಗಿಸಿ ಮನೆಗೆ ಬಂದ ಹೆಂಡತಿ ಚಪ್ಪಲಿ ಬಿಡುತ್ತಾ, “ಇವತ್ತು ಬಸ್ಸು ಬರೋವರೆಗೂ ಕೂತೇ ಇದ್ದೆ ಕಣ್ರೀ” ಎಂದರು. ಬ್ರೇಕಣ್ಣ ಒಳಗೆ ಹೋಗಿ ಅವರಿಗೆ ನೀರು ತಂದುಕೊಟ್ಟರು.

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಸಂಘಕ್ಕೂ ಇಂಥದೊಂದು ನೆರವು ಬಂದಿರಬಹುದು. ಬಂದಿದ್ದರೆ ಒಪ್ಪಂದದ ಕಾಗದವನ್ನು ಇವತ್ತೇ ಬೀರುವಿನಿಂದ ಹೊರಗೆ ತೆಗೆಯಿರಿ. ವರದಿ ಯಾವಾಗ ಕೊಡಬೇಕು, ಏನೇನು ಬರೆಯಬೇಕು, ತಪ್ಪಾದರೆ ತಿದ್ದುವ ದಾರಿ ಯಾವುದು ಎಂದು ನಾಲ್ಕು ಜನ ಕೂತು ಓದಿ, ತಿಳಿಯದಿದ್ದರೆ ಕಚೇರಿಗೆ ಹೋಗಿ ಕೇಳಿ. ಆದದ್ದನ್ನು ಆದ ದಿನವೇ ಬರೆಯಿರಿ. ಕೆಟ್ಟದ್ದನ್ನು ಕೆಟ್ಟಿದೆ ಎಂದೇ ಬರೆಯಿರಿ. ನಿಮ್ಮ ವರದಿಯ ಒಂದು ನಿಜವಾದ ಸಾಲಿನಿಂದ ಎಲ್ಲೋ ಬಿಸಿಲಲ್ಲಿ ನಿಂತ ಯಾರೋ ಒಬ್ಬರು ನೆರಳಿಗೆ ಬಂದು ಕೂರುತ್ತಾರೆ.