ಏಳನೇ ಟ್ಯಾಂಕಿನ ಬಾಯಿ

"ಏನೇ, ಮೂಗನ್ನ ಮನೇಲಿ ಬಿಟ್ಟು ಬಂದಿದ್ದೀಯೇನೇ ಮುಂಡೆ? ಬೇಗ ಮೂಸಿ ಬೊಗಳೇ!"

ಮೇಸ್ತ್ರಿ ಬಯ್ಯುತ್ತಿದ್ದಂತೆಯೇ ಅವಳು ಮಂಡಿಯೂರಿ ಏಳನೇ ಟ್ಯಾಂಕಿನ ಬಾಯಿಗೆ ತಲೆ ತೂರಿಸಿದಳು. ಬಾಯಿ ಎಂದರೆ ಟ್ಯಾಂಕಿನ ಬುಡದಲ್ಲಿದ್ದ ದುಂಡನೆಯ ತೂತು. ಒಬ್ಬ ಮನುಷ್ಯ ಮೈ ಕುಗ್ಗಿಸಿ ನುಸುಳುವಷ್ಟು ಅಗಲ. ಕಚ್ಚಾತೈಲವನ್ನೆಲ್ಲ ಪಂಪಿನಿಂದ ಎಳೆದ ಮೇಲೆ ತಳದಲ್ಲಿ ಮೊಣಕಾಲು ಮುಳುಗುವಷ್ಟು ಮಡ್ಡಿ ಉಳಿದಿತ್ತು. ಗಂಡಸರು ಒಳಗಿಳಿದು ಅದನ್ನು ಸಲಿಕೆಯಲ್ಲಿ ಬಾಚಿ ಬಕೆಟ್ಟಿಗೆ ತುಂಬಬೇಕು. ಹೆಂಗಸರು ಹೊತ್ತು ಹೊರಗೆ ಸುರಿಯಬೇಕು.

ಒಳಗಿನ ಗ್ಯಾಸು ಅಳೆಯುವ ಮೀಟರು ಕೆಟ್ಟು ವರ್ಷವಾಗಿತ್ತು. ಸೇಫ್ಟಿ ಸಾಹೇಬರ ಸೊಂಟದಲ್ಲಿ ಅದು ಸುಮ್ಮನೆ ತೂಗಾಡುತ್ತಿತ್ತು. ಕೊಳೆತ ಮೊಟ್ಟೆಯಂಥ ಆ ನಾತವನ್ನು ಎಲ್ಲರಿಗಿಂತ ಮೊದಲು ಹಿಡಿಯುವವಳು ಇವಳೆಂದು ಗೊತ್ತಾದ ದಿನದಿಂದ ಮೀಟರಿನ ಕೆಲಸ ಇವಳ ಮೂಗಿಗೆ ಬಿದ್ದಿತ್ತು. ಕೂಲಿಯವರ ಬಾಯಲ್ಲಿ ಅವಳು ಮೂಗಿನಕ್ಕ. ಅವಳು ಹೂಂ ಅಂದರೆ ಇಳಿಯುವುದು, ಊಹೂಂ ಅಂದರೆ ಕಾಯುವುದು.

ಬೆಳಗಿನಿಂದ ಎರಡು ಸಲ ಊಹೂಂ ಅಂದಿದ್ದಳು. ಮೊದಲು ಇಳಿಯಬೇಕಾದವನು ಅವಳ ಒಡಹುಟ್ಟಿದ ತಮ್ಮ. ಇನ್ನು ಮೂವರ ಜೊತೆ ಟ್ಯಾಂಕಿನ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತು ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುತ್ತಿದ್ದ.

ಈ ಸಲ ನಾತ ಒಮ್ಮೆ ಮೂಗಿಗೆ ಬಡಿಯಿತು. ಮರುಗಳಿಗೆಯಲ್ಲಿ ಇಲ್ಲ. ಏನೂ ಇಲ್ಲ. ತಲೆ ಹೊರತೆಗೆದಳು. ಹಣೆ ಸಿಡಿಯುತ್ತಿತ್ತು.

"ಹೋಯ್ತೇನಕ್ಕ?" ತಮ್ಮ ಕೇಳಿದ.

"ಹೋಯ್ತು ಕಣೋ," ಅಂದವಳು ಅಲ್ಲೇ ತಡೆದಳು. ಹೋದ ತಿಂಗಳು ನಾಲ್ಕನೇ ಟ್ಯಾಂಕಿನೊಳಗಿಂದ ಇದೇ ಗ್ಯಾಂಗಿನ ಗಡ್ಡದ ಮಾವ ಕೂಗಿದ್ದೂ ಇದನ್ನೇ: "ನಾತ ಹೋಯ್ತು ಕಣ್ರೋ, ಬನ್ನಿ!" ಆಮೇಲೆ ಅವನ ದನಿ ಕೇಳಿಸಲಿಲ್ಲ. ಕಾಲು ಹಿಡಿದು ಎಳೆದಾಗ ಅವನ ಬಾಯಿ ತುಂಬ ಮಡ್ಡಿ. ಹೃದಯ ನಿಂತು ಸತ್ತ ಎಂದು ಕಾಗದದಲ್ಲಿ ಬರೆದರು.

ಅವಳು ಎಣ್ಣೆಯಲ್ಲಿ ನೆಂದ ತನ್ನ ತೋಳನ್ನು ಮೂಸಿದಳು. ವಾಸನೆಯಿಲ್ಲ. ಬುತ್ತಿಯ ಗಂಟು ಬಿಚ್ಚಿ, ಈರುಳ್ಳಿಯನ್ನು ಕಲ್ಲಿಗೆ ಜಜ್ಜಿ ಮೂಗಿಗೆ ಒತ್ತಿಕೊಂಡಳು. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ.

"ಊಟದ ಹೊತ್ತೇನೇ ಇದು?" ಮೇಸ್ತ್ರಿ ಬುತ್ತಿಯನ್ನು ಕಾಲಿಂದ ಒದ್ದ.

"ಟ್ಯಾಂಕಿನ ನಾತ ಹೋಗಿಲ್ಲ ಮೇಸ್ತ್ರಿ. ಗ್ಯಾಸು ಜೋರಾಗಿ ನನ್ನ ಮೂಗೇ ಸತ್ತಿದೆ. ಈರುಳ್ಳಿನೂ ಗೊತ್ತಾಗ್ತಿಲ್ಲ."

ಸಾಹೇಬರು ಜೀಪಿನಿಂದ ಇಳಿದು ಬಂದರು. "ಸಂಜೆಗೆ ತೈಲದ ಹಡಗು ಬರುತ್ತೆ, ಅಷ್ಟರಲ್ಲಿ ಟ್ಯಾಂಕ್ ಕ್ಲೀನ್ ಆಗಿರ್ಬೇಕು. ವಾಸನೆ ಇದೆಯೋ ಇಲ್ವೋ? ಅಷ್ಟು ಹೇಳಮ್ಮ ಸಾಕು."

"ಇಲ್ಲ ಸ್ವಾಮಿ, ಆದ್ರೆ..."

ಅವರು ಆಗಲೇ ಟ್ಯಾಂಕಿಗಿಳಿಯುವ ಪರ್ಮಿಟ್ಟಿನಲ್ಲಿ 'ಗ್ಯಾಸ್ ಇಲ್ಲ' ಎಂದು ಬರೆದು ಸಹಿ ಹಾಕುತ್ತಿದ್ದರು.

"ನಿಮ್ಮ ಮೂಗು ಚೆನ್ನಾಗೇ ಇದೆಯಲ್ಲ ಸ್ವಾಮಿ. ನೀವೇ ಒಂದ್ಸಲ ತಲೆ ಹಾಕಿ ನೋಡಿ."

ಕೂಲಿಯವರಲ್ಲೊಬ್ಬ ಕಿಸಕ್ಕನೆ ನಕ್ಕ. ಸಾಹೇಬರ ಕಿವಿ ಕೆಂಪಾಯಿತು. "ನಾಯಿ ಕೆಲಸಕ್ಕೆ ಇಟ್ಕೊಂಡಿರೋದು ನಿನ್ನನ್ನ. ಮೇಸ್ತ್ರಿ, ಈ ಗ್ಯಾಂಗ್ ಬೇಡ. ಗೇಟಲ್ಲಿ ಇನ್ನೊಂದು ಲಾರಿ ಜನ ಕಾಯ್ತಿದ್ದಾರೆ, ಕರ್ಸು."

ತಮ್ಮ ದಡಕ್ಕನೆ ಎದ್ದ. "ಬೇಡಿ ಸ್ವಾಮಿ, ಇಳೀತೀನಿ. ಅಕ್ಕ, ಸುಮ್ನಿರೇ ನೀನು. ಇವತ್ತು ಹೊರಗೆ ಹಾಕಿದ್ರೆ ಮತ್ತೆ ಒಳಗೆ ಬಿಡಲ್ಲ. ಮಕ್ಕಳ ಬಾಯಿಗೆ ಏನು ಹಾಕ್ತೀಯ, ಈರುಳ್ಳಿನಾ?"

"ನಿನ್ನ ಬಾಯಿಗೆ ಮಡ್ಡಿ ಹಾಕೋದಕ್ಕಿಂತ ಅದೇ ವಾಸಿ ಕಣೋ, ಮೂದೇವಿ!"

ಅವನು ಅವಳನ್ನು ಬದಿಗೆ ಸರಿಸಲು ಬಂದ. ಅವಳು ಗಕ್ಕನೆ ತಿರುಗಿ, ಆ ತೂತಿನಲ್ಲಿ ಕುಂಡೆ ತುರುಕಿ ಕೂತುಬಿಟ್ಟಳು. ಮೈ ತೂತನ್ನೆಲ್ಲ ತುಂಬಿತು. ಹೊರಗೆ ಚಾಚಿದ ಕಾಲುಗಳನ್ನು ನೆಲಕ್ಕೆ ಒತ್ತಿ ಹಿಡಿದಳು.

ಮೇಸ್ತ್ರಿ ಜಡೆ ಹಿಡಿದು ಜಗ್ಗಿದ. ಅವಳು ಅವನ ಮಣಿಕಟ್ಟನ್ನು ಕಚ್ಚಿದಳು. "ಅಯ್ಯಯ್ಯೋ, ರಾಕ್ಷಸಿ!" ಎನ್ನುತ್ತ ಓಡಿ ಜೀಪಿನಿಂದ ಹಗ್ಗ ತಂದ. ಟ್ಯಾಂಕಿಗೆ ಇಳಿಯುವವರ ಮೈಗೆ ಕಟ್ಟಬೇಕಾದ ಹಗ್ಗ ಅದು. ಅಂಗಡಿಯ ಪ್ಲಾಸ್ಟಿಕ್ ಸುತ್ತನ್ನೂ ಯಾರೂ ಬಿಚ್ಚಿರಲಿಲ್ಲ. ಜೀಪಿನ ಡ್ರೈವರು ಅವಳ ಕೈಗಳನ್ನು ಅದುಮಿ ಹಿಡಿದ. ಮೇಸ್ತ್ರಿ ಕಂಕುಳಡಿ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ತಮ್ಮನ ಕಡೆಗೆ ಎಸೆದ.

"ಎಳಿಯೋ. ನಿನ್ನ ಅಕ್ಕ ತಾನೇ, ನೀನೇ ಎಳಿ."

ತಮ್ಮ ಹಗ್ಗ ಎತ್ತಿಕೊಂಡ. ಆಮೇಲೆ ಅದನ್ನು ತನ್ನ ಸೊಂಟಕ್ಕೆ ಎರಡು ಸುತ್ತು ಸುತ್ತಿ, ಗಂಟು ಹಾಕಿ, ಅವಳ ಕಾಲಬಳಿ ಕೂತ.

"ಈಗ ಎಳೀರಿ," ಅಂದ.

ಉಳಿದ ಮೂವರು ನೆಲ ನೋಡುತ್ತಿದ್ದರು.

ಲಾರಿ ಬಂತು. ಎಂಟು ಜನ ಇಳಿದರು, ಹರಕು ಬಟ್ಟೆಯನ್ನು ಮುಖಕ್ಕೆ ಕಟ್ಟಿಕೊಳ್ಳುತ್ತಲೇ ಹತ್ತಿರ ಬಂದರು. ಮುಂದಿದ್ದವನ ಕೈಯಲ್ಲಿ ಸಲಿಕೆಯಿತ್ತು.

"ಎಲ್ಲಿ ಇಳೀಬೇಕು ಸ್ವಾಮಿ?"

ಸಾಹೇಬರು ಅವಳ ಕಡೆ ಬೆರಳು ತೋರಿಸಿದರು. ಅವಳು ಡ್ರೈವರನ ಹಿಡಿತದಿಂದ ಕೈ ಕಿತ್ತುಕೊಂಡು, ತೂತಿನ ಕಬ್ಬಿಣದ ಅಂಚನ್ನು ಎರಡೂ ಕಡೆ ಹಿಡಿದಳು.