ಅಂಗೈಯ ಧೂಳು

ಅಗೋ, ಮತ್ತೆ ಬಗ್ಗಿದ, ಗ್ಯಾಲರಿಯ ಮೂರನೇ ಸಾಲಿನಲ್ಲಿ ಕೂತ ಗುಬ್ಬಿ ಮತ್ತೆ ಬಗ್ಗಿ ತನ್ನ ಶೂ ತಳವನ್ನು ಅಂಗೈಯಿಂದ ಉಜ್ಜಿ ತಲೆ ಅಲ್ಲಾಡಿಸಿದ, ಯಾರಿಗೆ ಸನ್ನೆ ಅದು, ಆಟವಾಡದವನಿಗೆ ಶೂ ಒರೆಸುವ ದರ್ದೇನು — ಬೆವರು ನಾರುವ ಭುಜಗಳ ನಡುವೆ ತಲೆ ತೂರಿಸಿ ನಿಂತ ಕ್ಯಾಪ್ಟನ್‌ಗೆ ಕೋಚ್ ಹೇಳುತ್ತಿದ್ದುದು ಅರ್ಧ ಕೇಳಿಸಿತು, ಅರ್ಧ ಇಲ್ಲ, ಒಂದೇ ಪಾಯಿಂಟ್ ಹಿಂದಿದೀವಿ, ಇದೇ ಕೊನೇ ಬಾಲ್, ನಿನ್ ಕೈಗೇ ಬರತ್ತೆ, ಎಲ್ಲಿ ನೋಡ್ತಿದೀಯಯ್ಯಾ, ಇಲ್ಲ ಸರ್, ಕೇಳಿಸ್ಕೋತಿದೀನಿ ಸರ್. ಫೈನಲ್‌ನ ದಿನವೂ ಬಂದು ಕೂತಿದ್ದಾನಲ್ಲ, ನಾಚಿಕೆ ಬೇಡವೇ, ಸ್ವಂತ ಚಿಕ್ಕಮ್ಮನ ಮಗ, ಒಂದೇ ತಟ್ಟೆಯಲ್ಲಿ ಉಂಡು ಒಂದೇ ಚಾಪೆಯಲ್ಲಿ ಮಲಗಿ ಬೆಳೆದವನು, ಮುಖ ನೋಡಿದರೆ ಬಾಯಲ್ಲಿ ಬೆಣ್ಣೆ ಇಟ್ಟರೂ ಕರಗದು, ಉಂಡ ಮನೆಯ ಜಂತೆ ಎಣಿಸುವವರೆಲ್ಲ ಹೀಗೇ ಇರುತ್ತಾರೆ. ಗುಬ್ಬಿ ಯಾಕೋ ಆಡ್ತಿಲ್ಲ ಇವತ್ತು, ಅಂತ ಅಮ್ಮ ಬೆಳಿಗ್ಗೆ ಕೇಳಿದಳು, ಮಂಡಿ ನೋವಂತೆ ಅಂದುಬಿಟ್ಟ ಕ್ಯಾಪ್ಟನ್, ಬಾಗಿಲ ಬಳಿ ನಿಂತಿದ್ದ ಗುಬ್ಬಿ ಅದನ್ನು ಕೇಳಿ ಶೂ ಲೇಸ್ ಕಟ್ಟಿಕೊಂಡು ಹೊರಟುಹೋದ, ಇಲ್ಲ ಅನ್ನಲು ಬಾಯಿ ಎಲ್ಲಿದೆ ಕಳ್ಳನಿಗೆ.

ಎಂಥ ಚೆನ್ನಾಗಿ ಶುರುವಾಗಿತ್ತು ಈ ಸಲದ ಬಾಸ್ಕೆಟ್‌ಬಾಲ್ ಲೀಗ್, ಆಡಿದ್ದೆಲ್ಲ ಗೆಲುವು, ಕಾರಿಡಾರಿನಲ್ಲಿ ಹೋದರೆ ಪ್ರಿನ್ಸಿಪಾಲರೇ ನಿಂತು ಬೆನ್ನು ತಟ್ಟುತ್ತಿದ್ದರು, ಆಮೇಲೆ ಅದೇನಾಯಿತೋ, ಕ್ಯಾಪ್ಟನ್ ಎಡಕ್ಕೆ ನುಗ್ಗಬೇಕು ಅಂದುಕೊಳ್ಳುವಷ್ಟರಲ್ಲಿ ಎದುರಾಳಿ ಎಡಕ್ಕೇ ಬಂದು ಗೋಡೆ ಕಟ್ಟಿ ನಿಂತಿರುತ್ತಿದ್ದ, ಬಲಕ್ಕೆ ಅಂದರೆ ಬಲಕ್ಕೆ, ಯಾವ ಕಡೆ ಅಂತ ಟೀಮಿಗೆ ಮುಷ್ಟಿ ತೋರಿಸುವ ಸನ್ನೆ ಬಿಟ್ಟು ಎರಡು ಬೆರಳು ಮಾಡಿದರು, ಅದನ್ನೂ ಬಿಟ್ಟು ಕಿವಿ ಎಳೆದುಕೊಳ್ಳುವುದು ಮಾಡಿದರು, ಉಹೂಂ, ಒಂದು ಕಾಲೇಜಿಗೆ ಗೊತ್ತಾದದ್ದು ಊರಿಗೆಲ್ಲ ಗೊತ್ತು. ಇವತ್ತು ಫೈನಲ್ ಮುಟ್ಟಿರುವುದೂ ಉಳಿದವರು ಹೆಣಗಿ ಗೆದ್ದಿದ್ದರಿಂದ. ನಮ್ಮೊಳಗೇ ಯಾರೋ ಬಾಯಿ ಬಿಡ್ತಿದಾರೆ ಕಣ್ರೋ, ಅಂದರು ಕೋಚ್ ಡ್ರೆಸ್ಸಿಂಗ್ ರೂಮಿನಲ್ಲಿ, ಎಲ್ಲರೂ ನೆಲ ನೋಡಿದರು, ಗುಬ್ಬಿ ಮಾತ್ರ ಹೆಗಲ ಮೇಲಿನ ಟವೆಲ್ ಮುಟ್ಟಿಕೊಂಡ — ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇನ್ನೇನು ಸಾಕ್ಷಿ ಬೇಕು. ಇಲ್ಲ, ಸಾಕ್ಷಿಯೂ ಸಿಕ್ಕಿತಲ್ಲ, ಇವತ್ತು ಎದುರಿಗಿರುವ ಇದೇ ಟೀಮಿನ ವಿರುದ್ಧ ಲೀಗ್‌ನಲ್ಲಿ ಸೋತ ದಿನ, ನಲ್ಲಿಯ ಹತ್ತಿರ ಅವರ ಆರನೇ ನಂಬರ್ ಜರ್ಸಿಯವನ ಜೊತೆ ಗುಬ್ಬಿ ತಲೆಗೆ ತಲೆ ತಾಗಿಸಿ ಗುಸುಗುಸು, ಆರನೇ ನಂಬರಿನವನು ಏನೋ ಹೇಳಿ ಕಿಸಕ್ಕನೆ ನಕ್ಕ, ಗುಬ್ಬಿಯ ಮುಖ ಬಿಳಿಚಿಕೊಂಡಿತು, ಕ್ಯಾಪ್ಟನ್ ಕಣ್ಣಿಗೆ ಬಿದ್ದೆನಲ್ಲ ಅಂತ ಬಿಳಿಚಿಕೊಳ್ಳದೆ ಇರುತ್ತಾನೆಯೇ. ಬಸ್ಸಿನಲ್ಲಿ ಬಂದು ಪಕ್ಕ ಕೂತ, ಅಣ್ಣಾ, ಒಂದ್ ಮಾತು ಹೇಳ್ಬೇಕಿತ್ತು, ನಿನ್ ಶೂ... ಶೂ ಬಗ್ಗೆ ಮಾತಾಡೋ ಹೊತ್ತೇನೋ ಇದು, ಎದ್ದೋಗು, ಅಂದು ಕಿಟಕಿಯ ಗಾಜಿಗೆ ತಲೆ ಒರಗಿಸಿ ಕಣ್ಣು ಮುಚ್ಚಿಕೊಂಡ, ಮನಸ್ಸಿನಲ್ಲೇ ಕುದಿದ, ಮರುದಿನವೇ ಹೋಗಿ ಕೋಚ್ ಮುಂದೆ ಹೆಸರು ಹೇಳಿದ. ನಿನ್ ತಮ್ಮನೇ ಅಲ್ವೇನಯ್ಯಾ, ಖಾತ್ರಿನಾ? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಸರ್. ಕೋಚ್ ಜರ್ಸಿ ಬಿಚ್ಚಿಡು ಅಂದರೆ ಬಿಚ್ಚಿಟ್ಟ ಗುಬ್ಬಿ, ಮಡಿಸಿ ತಂದು ಅಣ್ಣನ ಬ್ಯಾಗಿನ ಮೇಲಿಟ್ಟು ಹೋದ, ಎಷ್ಟು ನೀಟಾಗಿ ಮಡಿಸಿದ್ದ, ತೋಳಿನೊಳಗೆ ತೋಳು, ಅಮ್ಮ ಕಲಿಸಿದ ಹಾಗೆ — ಅದನ್ನು ಬಿಚ್ಚದೆ ಹಾಗೇ ಬ್ಯಾಗಿನೊಳಗೆ ಇಟ್ಟುಕೊಂಡ, ನಟನೆ, ಅದೂ ನಟನೆಯೇ.

ಸೀಟಿ. ಗುಂಪು ಒಡೆಯಿತು, ಕ್ಯಾಪ್ಟನ್ ತನ್ನ ಜಾಗಕ್ಕೆ ಬಂದ, ಎದುರಿಗೆ ಅದೇ ಆರನೇ ನಂಬರಿನವನು, ಚೂಯಿಂಗ್ ಗಮ್ ಅಗಿಯುತ್ತ. ಗುಬ್ಬಿಯನ್ನು ತಂಡದಿಂದ ತೆಗೆದ ಮೇಲೂ ಇವನಿಗೆ ಎಲ್ಲ ಗೊತ್ತಾಗುತ್ತಿದೆಯಲ್ಲ, ಇವತ್ತೂ ಎಡಕ್ಕೆ ಅಂದರೆ ಎಡಕ್ಕೇ ಬಂದನಲ್ಲ, ಹೊಸ ಸನ್ನೆ ನಿನ್ನೆಯಷ್ಟೇ ಮಾಡಿದ್ದು, ಗುಬ್ಬಿಗೆ ಅದು ಗೊತ್ತೇ ಇಲ್ಲ, ಹಾಗಾದರೆ ಗ್ಯಾಲರಿಯಿಂದ — ಹೌದು, ಆ ಶೂ ಉಜ್ಜುವುದೇ ಸನ್ನೆ, ಸಿಕ್ಕಿಬಿದ್ದೆಯಲ್ಲೋ ಗುಬ್ಬಿ. ಈ ಸಲ ಎಡಕ್ಕೆ, ಅಂದುಕೊಂಡ ಕ್ಯಾಪ್ಟನ್, ಯಾರಿಗೂ ಸನ್ನೆ ಮಾಡುವುದಿಲ್ಲ, ನನಗೊಬ್ಬನಿಗೇ ಗೊತ್ತಿರಲಿ, ಎಡಕ್ಕೆ ನುಗ್ಗಬೇಕಾದರೆ ಬಲಗಾಲು ಒತ್ತಬೇಕು, ಬಲಕ್ಕಾದರೆ ಎಡಗಾಲು, ಒತ್ತುವ ಕಾಲು ಜಾರಬಾರದು, ಮನೆಯ ತಾರಸಿಯಲ್ಲಿ ಒಡೆದ ಬಕೆಟ್ಟನ್ನೇ ರಿಂಗ್ ಮಾಡಿ ಆಡುತ್ತಿದ್ದಾಗ ಗುಬ್ಬಿಗೂ ಅದನ್ನೇ ಕಲಿಸಿದ್ದ, ಮೊದ್ಲು ಧೂಳು ಒರೆಸ್ಕೊಳೋ ಪೆದ್ದೇ, ಆಮೇಲೆ ಓಡು. ಎಂದಿನಂತೆ ಬಲಗಾಲು ಎತ್ತಿದ, ಅಂಗೈಯಿಂದ ತಳ ಒರೆಸಿದ, ಆರನೇ ನಂಬರಿನವನು ಸರಕ್ಕನೆ ಎಡಕ್ಕೆ ಸರಿದು ನಿಂತ, ಬಾಲ್ ಇನ್ನೂ ರೆಫರಿಯ ಕೈಯಲ್ಲೇ ಇದೆ, ಅವನು ಗ್ಯಾಲರಿಯ ಕಡೆ ನೋಡಿಯೇ ಇಲ್ಲ, ಅವನ ಬೆನ್ನು ಗುಬ್ಬಿಯ ಕಡೆಗಿದೆ, ಅವನ ಕಣ್ಣು ಕೆಳಗೆ, ಇಲ್ಲಿ, ಈ ಕಾಲಿನ ಮೇಲೆ. ಅವನ ಭುಜದಾಚೆ ಗುಬ್ಬಿ ಎದ್ದು ನಿಂತಿದ್ದಾನೆ, ಎರಡೂ ಕೈ ಬೀಸುತ್ತಿದ್ದಾನೆ, ಅಣ್ಣಾ, ಬೇಡ, ಬೇಡ, ಗದ್ದಲದಲ್ಲಿ ದನಿ ಕೇಳುವುದಿಲ್ಲ, ತುಟಿ ಮಾತ್ರ, ನಿನ್ ಶೂ, ಅಣ್ಣಾ, ನಿನ್ ಶೂ, ಬಸ್ಸಿನಲ್ಲಿ, ಕಿಟಕಿಯ ಗಾಜು, ನಲ್ಲಿಯ ಹತ್ತಿರ ಆ ನಗು, ಮಡಿಸಿದ ಜರ್ಸಿ, ತೋಳಿನೊಳಗೆ ತೋಳು, ಖಾತ್ರಿನಾ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಸರ್ — ರೆಫರಿ ಸೀಟಿ ಊದಿದ, ಬಾಲ್ ಬಂತು, ಯಾರೋ ಹಿಡ್ಕೊಳೋ ಅಂತ ಕಿರುಚಿದರು, ಎದೆಗೆ ಬಡಿದು ಬಾಲ್ ಎಲ್ಲೋ ಹೋಯಿತು, ಕ್ಯಾಪ್ಟನ್ ಒಂಟಿಕಾಲಿನಲ್ಲಿ ನಿಂತೇ ಇದ್ದ, ಕೈ ಇನ್ನೂ ಶೂ ತಳದಲ್ಲಿ, ಅಂಗೈಯಲ್ಲಿ ಧೂಳು, ಅಂಗೈಯಲ್ಲಿ,